ತವರಿನ ಮಶಿನ್ ಬಸ್ ಹತ್ತಿದ ದಿನ

“ಕಾಲು ಮೊದಲ ಒಳಗ ತೂರಸ್ರಿ! ತಲಿ ಆಮ್ಯಾಲೆ ತಾನ ಬರತೈತಿ!”

“ಕಾಲಾಗ ಪೆಡಲ್ ಐತ್ರಿ ಯಜಮಾನ್ರ! ಬಾಗಲಕ್ಕ ತೊಡರತೈತಿ!”

“ಹಂಗಾರ ತಲಿ ಮೊದಲು!”

“ತಲಿ ಮೊದಲಂದ್ರ ಗಾಲಿ ನನ್ನ ಎದಿಗೆ ಬಡೀತೈತ್ರಿ!”

ಸವದತ್ತಿ ಬಸ್ಸಿನ ಬಾಗಿಲಿನಲ್ಲಿ ಒಂದು ಹಳೆಯ ಹೊಲಿಗೆ ಮಶಿನ್ ಒಳಗೂ ಹೋಗದೆ ಹೊರಗೂ ಬಾರದೆ, ಪಕ್ಷ ಬಿಡಲು ಹೊರಟು ನಡುದಾರಿಯಲ್ಲಿ ಮನಸ್ಸು ಬದಲಿಸಿದ ಪುಢಾರಿಯಂತೆ ಅಡ್ಡಲಾಗಿ ನಿಂತಿತ್ತು. ಕೆಳಗಿನಿಂದ ನೂಕುತ್ತಿದ್ದವನು ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಒಬ್ಬ ಹಮಾಲ. ಮೇಲಿನಿಂದ ಎಳೆಯುತ್ತಿದ್ದವನು ನಿಜಗುಣಪ್ಪ. ಇದೇ ಸ್ಟ್ಯಾಂಡಿನಿಂದ, ಇಂಥವೇ ಬಸ್ಸುಗಳಲ್ಲಿ, ಆಯುಷ್ಯದ ಬಹುಭಾಗ ‘ಮುಂದ ಸರೀರಿ, ಒಳಗ ಜಾಗಾ ಐತಿ’ ಎಂದು ಕೂಗಿ ನಿವೃತ್ತನಾದ ಕಂಡಕ್ಟರ್. ಅಂಥವನಿಗೆ ಈಗ ಬಾಗಿಲಲ್ಲೇ ಜಾಗ ಸಿಗದೆ ಹೋಗಿತ್ತು.

ಮಶಿನ್‌ನ ತಲೆಯನ್ನು ಅದರ ಕಬ್ಬಿಣದ ಕಾಲುಗಳಿಂದ ಬಿಚ್ಚಿ ಗೋಣಿಚೀಲದಲ್ಲಿ ಹಾಕಿಕೊಂಡು ಹೊರಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಈ ಕಥೆಯೂ ಹುಟ್ಟುತ್ತಿರಲಿಲ್ಲ. ಆದರೆ ಬಿಚ್ಚುವ ಕೆಲಸದ ಬಗ್ಗೆ ನಿಜಗುಣಪ್ಪನಿಗೆ ಮೊನ್ನೆಯಿಂದ ವೈರಾಗ್ಯ ಬಂದಿತ್ತು.

“ಕಾಕಾ, ಇಷ್ಟು ದೊಡ್ಡ ಲಗೇಜು ಒಳಗ ಹಾಕಂಗಿಲ್ರಿ,” ಎಂದ ಈಗಿನ ಕಂಡಕ್ಟರ್ ಸಚಿನ. “ರೂಲ್ಸ್ ನಿಮಗ ನಾ ಹೇಳಬೇಕೇನ್ರಿ?”

“ತಮ್ಮಾ, ಇದ ರೂಟಿನ್ಯಾಗ ನಾ ಎಮ್ಮಿಕರಕ್ಕ ಕಿಡಕಿ ಸೀಟು ಕೊಟ್ಟೇನಿ.”

“ಕರ ತಾನ ನಡದು ಇಳೀತೈತ್ರಿ ಕಾಕಾ. ಇದನ್ನ ಇಳಸೋರು ಯಾರು?”

ಅಷ್ಟರಲ್ಲಿ ಹಿಂದಿನಿಂದ ಹತ್ತಬೇಕಾದವರು ತಾಳ್ಮೆಗೆಟ್ಟು ಒಟ್ಟಾಗಿ ನೂಕಿದರು. ಮಶಿನ್, ನಿಜಗುಣಪ್ಪ ಮತ್ತು ಸಚಿನ ಮೂವರೂ ಒಮ್ಮೆಲೇ ಒಳಗೆ ಬಂದರು. ಮಶಿನ್ ಮಾತ್ರ ಬೀಳದೆ, ಯಲ್ಲವ್ವನ ಸೀಟಿನ ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡಿತು.

ಯಲ್ಲವ್ವ ನಿಜಗುಣಪ್ಪನ ಓಣಿಯವಳೇ. ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಅವಳ ಭಕ್ತಿ ಬಹಳ ಹೆಚ್ಚಿತ್ತು. ಅವಳು ಕನ್ನಡಕ ಏರಿಸಿ, ಮಶಿನ್‌ನ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದನ್ನು ಬೆರಳಿಟ್ಟು, ಇಡೀ ಬಸ್ಸಿಗೆ ಕೇಳುವಂತೆ ಓದಿದಳು: “ಚಿ... ಸೌ... ಸಾವಿತ್ರಿಗೆ... ತವರಿನ ಕಾಣಿಕೆ... ಸವದತ್ತಿ.”

“ಇದಕ್ಕ ಲಗೇಜ್ ಟಿಕೀಟು ಆಗತೈತಿ ಕಾಕಾ,” ಎಂದ ಸಚಿನ.

“ಯಾಕ? ಹೆಂಗಸಿನ ಹೆಸರ ಐತಲ್ಲ ಮ್ಯಾಲ. ಫ್ರೀ ಕೊಡು,” ಎಂದಳು ಯಲ್ಲವ್ವ.

“ಹಂಗಾರ ಆಧಾರ್ ಕಾರ್ಡ್ ತೋರಸಾಕ ಹೇಳ್ರಿ ಮಶಿನ್‌ಗೆ.”

ಬಸ್ಸು ನಕ್ಕಿತು. ನಿಜಗುಣಪ್ಪನೂ ನಕ್ಕ. ನಗಬಾರದಾಗಿತ್ತು. ಯಾಕೆಂದರೆ ನಗು ಮುಗಿಯುವಷ್ಟರಲ್ಲಿ ಬಸ್ಸಿನ ಹೆಂಗಸರೆಲ್ಲ ಆ ಅಕ್ಷರಗಳ ಅರ್ಥ ಹಚ್ಚತೊಡಗಿದ್ದರು.

ಈ ಕಡೆ ತವರಿನಿಂದ ಬಂದ ಸಾಮಾನಿನ ಮೇಲೆ ಹೆಸರು ಹಾಕಿಸುವುದು ಪದ್ಧತಿ. ಕೊಡದ ಕಂಠದ ಮೇಲೆ, ಪರಾತದ ಅಂಚಿನ ಮೇಲೆ, ಕಪಾಟಿನ ಬಾಗಿಲ ಮೇಲೆ. ಅದು ಪ್ರೀತಿಗೂ ಹೌದು, ನಾಳೆ ಯಾವುದು ಯಾರದು ಎಂದು ಮಾತು ಬಂದರೆ ಸಾಕ್ಷಿಗೂ ಹೌದು. ಹೆಸರಿನ ಸಾಮಾನು ತವರಿನಿಂದ ಗಂಡನ ಮನೆಗೆ ಬರುತ್ತದೆ. ಗಂಡನ ಮನೆಯಿಂದ ತವರಿಗೆ ತಿರುಗಿ ಹೋಗುವುದು ಒಂದೇ ಸಂದರ್ಭದಲ್ಲಿ. ಆ ಸಂದರ್ಭವನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ತುಟಿ ಒತ್ತಿ, ಕತ್ತು ಒಂದು ಕಡೆ ವಾಲಿಸುತ್ತಾರೆ. ಈಗ ಬಸ್ಸಿನ ಎಡಸಾಲಿನ ಕತ್ತುಗಳು ಎಡಕ್ಕೂ ಬಲಸಾಲಿನವು ಬಲಕ್ಕೂ ವಾಲಿದವು. ರಸ್ತೆಯ ತಿರುವಿಗೆ ಹಾಗಾಯಿತೆಂದು ನಿಜಗುಣಪ್ಪ ತಿಳಿದ.

“ಸಾವಿತ್ರಿ ಎಲ್ಲಿ ತಮ್ಮಾ?” ಎಂದಳು ಯಲ್ಲವ್ವ.

“ಧಾರವಾಡಕ್ಕ, ಗಂಗಾನ ಮನಿಗೆ ಹೋಗ್ಯಾಳ.”

“ಆಕಿಗೆ ಗೊತ್ತೈತೇನು, ಇದನ್ನ ಸವದತ್ತಿಗೆ ಒಯ್ಯಾಕತ್ತಿದ್ದು?”

ನಿಜಗುಣಪ್ಪ ಆಚೀಚೆ ನೋಡಿ ದನಿ ಇಳಿಸಿದ. “ಗೊತ್ತಿಲ್ಲಕ್ಕಾ. ಗೊತ್ತಾಗಬಾರದು. ನಾಳಿ ಬರತಾಳ ಆಕಿ, ಅಷ್ಟರಾಗ ಎಲ್ಲಾ ಮುಗಿಸಿಬಿಡಬೇಕು. ನೀ ಯಾರ ಮುಂದೂ ಹೇಳಬ್ಯಾಡ.”

“ನಾ ಯಾಕ ಹೇಳಲೆಪಾ?” ಎಂದು ಯಲ್ಲವ್ವ ಚೀಲದಿಂದ ಮೊಬೈಲ್ ತೆಗೆದಳು. ಬಸ್ಸಿನ ಗದ್ದಲದಲ್ಲಿ ಗುಟ್ಟು ಕೇಳಿಸುವುದಿಲ್ಲವೆಂದು, ಗುಟ್ಟನ್ನು ಬಹಳ ಜೋರಾಗಿ ಹೇಳಬೇಕಾಯಿತು.

ಹೊಸೂರಿನಲ್ಲಿ ಇಳಿದ ಒಬ್ಬ ಅಜ್ಜ ನಿಜಗುಣಪ್ಪನ ಕೈ ಹಿಡಿದು, “ಇನ್ನೊಮ್ಮೆ ವಿಚಾರ ಮಾಡೋ ಯಪ್ಪಾ,” ಎಂದ. “ಮಾಡೀನ್ರಿ, ಬೇರೆ ದಾರಿ ಇಲ್ಲ,” ಎಂದ ನಿಜಗುಣಪ್ಪ. ಒಂದು ಮಶಿನ್‌ಗಾಗಿ ಜನ ಇಷ್ಟು ಮರುಗುವುದನ್ನು ಕಂಡು ಅವನ ಕಣ್ಣು ತುಸು ಒದ್ದೆಯಾಯಿತು.

ಮಶಿನ್ ಸಾವಿತ್ರೆವ್ವನ ಜೀವ. ಓಣಿಯ ಹೆಂಗಸರ ಜಂಪರು, ಮಕ್ಕಳ ಲಂಗ, ಮುದುಕರ ಅಂಗಿಯ ಹರಿದ ಕಿಸೆ, ಎಲ್ಲವೂ ಅದರ ಸೂಜಿಯ ಕೆಳಗೆ ಹಾದುಹೋಗಬೇಕು. ದೀಪಾವಳಿಯ ನಂತರ ಅದು ಕೆಮ್ಮತೊಡಗಿತು. ಒಂದು ಹೊಲಿಗೆ ಹಾಕಿದರೆ ಮುಂದಿನದನ್ನು ನುಂಗುತ್ತಿತ್ತು. “ರಿಪೇರಿ ಮಾಡಸ್ರಿ,” ಎಂದಳು ಸಾವಿತ್ರೆವ್ವ. “ಹೊಸಾದ ತಗೋರಿ, ಮೋಟರ್ ಇದ್ದದ್ದು, ಅವ್ವನ ಮೊಳಕಾಲಿಗೆ ಆರಾಮ,” ಎಂದಳು ಫೋನಿನಲ್ಲಿ ಮಗಳು ಗಂಗಾ. ತಾಯಿಮಗಳ ಚರ್ಚೆ ನಡೆದಿರುವಾಗಲೇ ನಿಜಗುಣಪ್ಪ ಮೂರನೆಯ ದಾರಿ ಕಂಡುಹಿಡಿದ: ತಾನೇ ರಿಪೇರಿ ಮಾಡುವುದು. ಜೀವನವಿಡೀ ಇಂಜಿನ್ನಿನ ಮಗ್ಗುಲಲ್ಲಿ ಕಳೆದವನು ತಾನು. ಇಂಜಿನ್ನಿನ ಮಗ್ಗುಲಲ್ಲಿ ಕಳೆದವನು ಡ್ರೈವರ್, ಕಂಡಕ್ಟರ್ ಅಲ್ಲ ಎಂದು ಸಾವಿತ್ರೆವ್ವ ನೆನಪಿಸಿದಳು. “ನಾ ಇಲ್ಲದಾಗ ನನ್ನ ಮಶಿನ್‌ಗೆ ಕೈ ಹಚ್ಚಬ್ಯಾಡ್ರಿ,” ಎಂದೂ ಹೇಳಿ ಧಾರವಾಡದ ಬಸ್ಸು ಹತ್ತಿದಳು.

ಅವಳ ಬಸ್ಸು ಊರು ದಾಟುವ ಮೊದಲೇ ನಿಜಗುಣಪ್ಪ ಸ್ಕ್ರೂಡ್ರೈವರ್ ಹಿಡಿದು ಕುಳಿತ. ಮೊಬೈಲಿನಲ್ಲಿ ಹಿಂದಿ ಮಾತಾಡುವ ಒಬ್ಬ ಮಹಾಶಯ ಇಂಥದೇ ಮಶಿನ್ ಬಿಚ್ಚಿ ತೋರಿಸುತ್ತಿದ್ದ. ಅವನು ಬಿಚ್ಚಿದಂತೆ ಇವನೂ ಬಿಚ್ಚಿದ. ಅವನು ಜೋಡಿಸತೊಡಗಿದಾಗ ನೆಟ್‌ವರ್ಕ್ ಹೋಯಿತು. ಮುಂದಿನದನ್ನು ನಿಜಗುಣಪ್ಪ ಸ್ವಂತ ಬುದ್ಧಿಯಿಂದ ಜೋಡಿಸಿದ. ಎಲ್ಲ ಮುಗಿದ ಮೇಲೆ ತಾಟಿನಲ್ಲಿ ಇನ್ನೂ ಒಂದು ಹಿಡಿ ಸಾಮಾನು ಉಳಿದಿತ್ತು. ಅಲುಗಾಡುವ ಕಡೆಯೆಲ್ಲ ಕೆಂಪು ಟೇಪು ಸುತ್ತಿ, ಗಾಲಿ ತಿರುಗಿಸಿದ. ಗಿರಣಿಯಲ್ಲಿ ಕಲ್ಲು ಬಿದ್ದಂಥ ಸದ್ದು ಬಂದು ಗಾಲಿ ನಿಂತಿತು.

ಇನ್ನು ರಿಪೇರಿಯೋ ಹೊಸದೋ ಎಂದು ಚರ್ಚಿಸುವ ಕಾಲವಲ್ಲ, ಹೇಗಾದರೂ ಮಾಡಿ ನಾಳೆಯೊಳಗೆ ಅದು ಮೊದಲಿನಂತೆ ಕೆಮ್ಮುವಂತಾದರೆ ಸಾಕು ಎಂಬ ಸ್ಥಿತಿಗೆ ಅವನು ಬಂದಿದ್ದ. ಬೈಲಹೊಂಗಲದ ರಿಪೇರಿಯವರೆಲ್ಲ ಸಾವಿತ್ರೆವ್ವನ ಪರಿಚಯದವರು. ಕಿತ್ತೂರಿನಲ್ಲಿ ಗಂಗಾಳ ಅತ್ತೆಮಾವ. ರಾಮದುರ್ಗ ಬಲು ದೂರ. ಉಳಿದದ್ದು ಸವದತ್ತಿ. ಅಲ್ಲಿ ಎದುರಾಗಬಹುದಾದವನು ಹೆಂಡತಿಯ ತಮ್ಮ ಕಲ್ಮೇಶ ಒಬ್ಬನೇ, ಅವನೂ ಗೊಬ್ಬರದ ಅಂಗಡಿಯ ಗಲ್ಲಾ ಬಿಟ್ಟು ಏಳುವವನಲ್ಲ. ಗುಟ್ಟು ಮುಚ್ಚಿಡಲು ಹೆಂಡತಿಯ ತವರೂರನ್ನೇ ಆರಿಸಿಕೊಂಡ ಗಂಡ ಈ ನಾಲ್ಕು ಊರುಗಳ ನಡುವೆ ಇನ್ನೊಬ್ಬ ಸಿಗಲಾರ.

ಸವದತ್ತಿ ಬಂತು. ಗಲ್ಲಾ ಬಿಟ್ಟು ಏಳದ ಕಲ್ಮೇಶ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಮಗ್ಗುಲಲ್ಲಿ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಮಡಿವಾಳೆಪ್ಪನವರು, ಸಾವಿತ್ರೆವ್ವನ ಕಾಕಾ. ಮುರಿದ ಸಂಸಾರ ಜೋಡಿಸುವುದರಲ್ಲಿ ಸುತ್ತ ಹೆಸರಾದವರು. ಅವರು ಜೋಡಿಸಿದ ಮೇಲೆ ತಾಟಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

“ಮಾಮಾರ, ಇದೇನ್ರಿ ಇದು?” ಎಂದ ಕಲ್ಮೇಶ.

“ಏನಿಲ್ಲೋ, ಹಿಂಗ ಬಂದಿದ್ದೆ.”

“ಹಿಂಗ ಬರೋರು ಮಶಿನ್ ತಗೊಂಡು ಬರತಾರೇನ್ರಿ?”

ಕೆಟ್ಟಿದೆ, ರಿಪೇರಿಗೆ ತಂದೆ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿ ತೆರೆದ ನಿಜಗುಣಪ್ಪನಿಗೆ ಹೋದ ಪಂಚಮಿ ನೆನಪಾಯಿತು. ಹೆಂಡತಿಯನ್ನು ಕರೆದೊಯ್ಯಲು ಬಂದವನು, ಶೇಂಗಾ ಉಂಡೆ ಮೆಲ್ಲುತ್ತ, ನೀರಿನ ಪಂಪು ಕೆಟ್ಟು ಮೆಕ್ಯಾನಿಕ್‌ನನ್ನು ಕರೆಸಿದ್ದ ಕಲ್ಮೇಶನಿಗೆ ಎಲ್ಲರೆದುರು ಅಂದಿದ್ದ: ‘ಇಷ್ಟಕ್ಕ ಮಂದೀನ ಕರಸೂದೇನೋ? ಗಂಡಸಾಗಿ ಒಂದು ನಟ್ಟು ತಿರುವಾಕ ಬರಂಗಿಲ್ಲೇನು? ನನಗಾದ್ರ ಸಪ್ಪಳ ಕೇಳಿದ್ರ ಸಾಕು, ರೋಗ ಗೊತ್ತಾಗತೈತಿ.’

ನಿಜಗುಣಪ್ಪ ಬಾಯಿ ಮುಚ್ಚಿದ. ಮತ್ತೆ ತೆರೆದಾಗ ಬಂದದ್ದು ಹೀಗೆ: “ಮನಿ ಮಾತು ಕಲ್ಮೇಶಾ. ಬಸ್‌ಸ್ಟ್ಯಾಂಡಿನ್ಯಾಗ ಬ್ಯಾಡ.”

ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಕತ್ತು ವಾಲಿಸಿತು. ಯಲ್ಲವ್ವ ಗುಡ್ಡದ ಬಸ್ಸು ಬಿಟ್ಟು ಇವರ ಹಿಂದೆ ಹೊರಟಳು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ.

ಕಲ್ಮೇಶನ ಮನೆಯಲ್ಲಿ ಶಿರಾ ಬಂತು. ಅಳಿಯ ಸಂಬಂಧ ಕಡಿಯಲು ಬಂದರೂ ಶಿರಾ ಮಾಡದೆ ಇರುವಂತಿಲ್ಲ. ಆದರೆ ಕಲ್ಮೇಶನ ಹೆಂಡತಿ ಮೀನಾ ತಾಟನ್ನು ಇಟ್ಟ ರೀತಿಯಲ್ಲಿಯೇ ಅದರ ಗೋಡಂಬಿಗಳೆಲ್ಲ ಒಮ್ಮೆ ಜಿಗಿದವು. ಮಶಿನ್ ಪಡಸಾಲೆಯ ನಡುವೆ, ಹೆಣ್ಣು ನೋಡಲು ಬಂದವರ ಮುಂದೆ ನಿಲ್ಲಿಸಿದಂತೆ, ತಲೆ ತಗ್ಗಿಸಿ ನಿಂತಿತ್ತು. ಕಟ್ಟೆಯ ಮೇಲೆ ಓಣಿಯವರು ತುಂಬಿಕೊಂಡರು.

ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡರು. “ಅಳಿಯಾರ, ಮನಸ್ಸು ಬಿಚ್ಚಿ ಹೇಳ್ರಿ. ನಮ್ಮ ಹುಡುಗಿ ಏನು ತಪ್ಪು ಮಾಡ್ಯಾಳ?”

ಹುಡುಗಿಗೆ ಮೊಮ್ಮಕ್ಕಳಿದ್ದರು.

“ತಪ್ಪು? ಆಕಿ ಏನು ಮಾಡ್ಯಾಳ್ರಿ ಮಾವಾರ?”

“ಮತ್ತ ಆಕಿ ಸಾಮಾನ ಯಾಕ ತಿರುಗಿ ತಂದೀರಿ?”

ಶಿರಾದ ತುತ್ತು ನಿಜಗುಣಪ್ಪನ ಕೈಯಲ್ಲೇ ಉಳಿಯಿತು. ಬಸ್ಸಿನ ಕತ್ತುಗಳು, ಹೊಸೂರಿನ ಅಜ್ಜ, ಜಿಗಿದ ಗೋಡಂಬಿಗಳು, ಎಲ್ಲವೂ ಒಮ್ಮೆಲೇ ಅರ್ಥವಾದವು. “ಅಯ್ಯ ಶಿವನ! ನಾ ಆಕೀನ ಬಿಡಾಕ ಬಂದೇನಂತ ತಿಳಕೊಂಡೀರೇನು?”

“ಮತ್ತ್ಯಾಕ ಬಂದೀರಿ, ಅದನ್ನ ಹೇಳ್ರಿ,” ಎಂದ ಕಲ್ಮೇಶ. “ಮಶಿನ್ ಕೆಟ್ಟೈತಿ ಅನಬ್ಯಾಡ್ರಿ ಮತ್ತ. ಕೆಟ್ಟಿದ್ರ ನೀವ ರಿಪೇರಿ ಮಾಡತಿದ್ರಿ. ನಿಮಗ ಸಪ್ಪಳ ಕೇಳಿದ್ರ ರೋಗ ಗೊತ್ತಾಗತೈತಲ್ಲ.”

ನಿಜಗುಣಪ್ಪನ ಮುಂದೆ ಈಗ ಎರಡು ದಾರಿಗಳಿದ್ದವು. ಹೆಂಡತಿ ಬಿಟ್ಟವನು ಎನ್ನಿಸಿಕೊಳ್ಳುವುದು ಒಂದು. ನಟ್ಟು ತಿರುವಲು ಬಾರದವನು ಎನ್ನಿಸಿಕೊಳ್ಳುವುದು ಇನ್ನೊಂದು. ಬುದ್ಧಿ ನೆಟ್ಟಗಿರುವ ಯಾರಾದರೂ ಎರಡನೆಯದನ್ನೇ ಆರಿಸಿಕೊಂಡಾರು. ನಿಜಗುಣಪ್ಪನ ಬುದ್ಧಿಯೂ ನೆಟ್ಟಗೇ ಇತ್ತು. ಆದರೆ ಎದುರಿಗೆ ಕಲ್ಮೇಶ ಕುಳಿತಿದ್ದ.

“ಸಾರಿಗೆ ಉಪ್ಪು ಕಡಿಮಿ ಹಾಕತಾಳ್ರಿ,” ಎಂದ ನಿಜಗುಣಪ್ಪ.

ಕಟ್ಟೆಯ ಮೇಲಿನವರು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದರು.

“ಯಾವ ಸಾರಿಗೆ?” ಎಂದು ಮಡಿವಾಳೆಪ್ಪನವರು, ಪ್ರಕರಣದ ವಿವರ ಬಿಡದವರಾಗಿ, ಕೇಳಿದರು. “ಬ್ಯಾಳಿ ಸಾರಿಗೋ, ಕಟ್ಟಿನ ಸಾರಿಗೋ?”

“ಎರಡಕ್ಕೂ ರಿ.”

“ಪಲ್ಲೆಕ್ಕ?”

“ಪಲ್ಲೆ... ಪರವಾ ಇಲ್ರಿ.”

“ಮ್ಯಾಲ ಹಾಕ್ಕೊಂಡು ಉಣ್ಣಾಕ ಕೈ ಸೇದ್ಯಾವೇನು?” ಎಂದು ಅಡುಗೆಮನೆಯ ಬಾಗಿಲಿನಿಂದ ಯಲ್ಲವ್ವ ಸಿಡುಕಿದಳು. “ಉಪ್ಪಿನ ಸಲುವಾಗಿ ಹೇಂತಿ ಬಿಡೂ ಗಂಡಸೂರು ಇನ್ನಾ ಅದಾರೇನವಾ!”

ಕಟ್ಟೆಯ ಮೇಲೆ ಎರಡು ಪಕ್ಷಗಳಾದವು. ಉಪ್ಪು ಕಡಿಮೆಯಾದರೆ ಬದುಕಿನಲ್ಲಿ ಏನು ಉಳಿಯಿತು ಎಂಬುದು ಗಂಡಸರ ಪಕ್ಷ. ಅವರವರ ಹೆಂಡಂದಿರು ಅವರವರನ್ನು ತಿರುಗಿ ನೋಡಿದ ಮೇಲೆ ಆ ಪಕ್ಷ ವಿಸರ್ಜನೆಯಾಯಿತು. ಯಾರೋ ಒಬ್ಬಾಕೆ ತಮ್ಮ ಮನೆಯ ಸಾರನ್ನು ವಾಟಗದಲ್ಲಿ ತಂದು, “ಇದರಾಗ ಎಷ್ಟೈತಿ ನೋಡಿ ಹೇಳ್ರಿ ಅಣ್ಣಾರ,” ಎಂದು ನಿಜಗುಣಪ್ಪನಿಗೆ ಕುಡಿಸಿದಳು. ಅವನು ಶಿರಾದ ಮೇಲೆ ಸಾರು ಕುಡಿದು, “ಇಷ್ಟಿದ್ರ ಸಾಕ್ರಿ,” ಎಂದ. ಅವಳು ಗೆದ್ದವಳಂತೆ ಹೋದಳು.

ಮಡಿವಾಳೆಪ್ಪನವರು ಕಣ್ಣು ಮುಚ್ಚಿ ವಿಚಾರ ಮಾಡಿ, ತೀರ್ಪು ಕೊಟ್ಟರು. ಸಾವಿತ್ರಿಗೆ ಬುದ್ಧಿ ಹೇಳುವುದು. ಅಳಿಯನಿಗೆ ನಾಲಿಗೆ ಬಿಗಿಹಿಡಿಯಲು ಹೇಳುವುದು. ಇನ್ನು ಮಶಿನ್ ಮಾತು: ತವರಿಗೆ ತಿರುಗಿ ಬಂದ ಕಾಣಿಕೆ ಮತ್ತೆ ಅದೇ ಹೊಸ್ತಿಲು ದಾಟುವುದು ಶ್ರೇಯಸ್ಸಲ್ಲ. ಆದ್ದರಿಂದ ಕಲ್ಮೇಶ ಅಕ್ಕನಿಗೆ ಹೊಸ ಮಶಿನ್ ಕೊಡಿಸಬೇಕು. ಹಳೆಯದು ಇಲ್ಲೇ ಉಳಿಯಬೇಕು. ಹೊಸ ಕಾಣಿಕೆಯೊಂದಿಗೆ ಗಂಡಹೆಂಡತಿ ಹೊಸದಾಗಿ ಮನೆಗೆ ಹೋಗಬೇಕು.

“ನಮ್ಮ ಅಕ್ಕನ ಮರ್ಯಾದಿ ಮುಂದ ಅದೇನು ದೊಡ್ಡದು?” ಎಂದ ಕಲ್ಮೇಶ.

ನಿಜಗುಣಪ್ಪನಿಗೆ ನಂಬಲಾಗಲಿಲ್ಲ. ಕೆಟ್ಟ ಮಶಿನ್ ಸವದತ್ತಿಯಲ್ಲೇ ಹೂತುಹೋಗುತ್ತದೆ. ಹೊಸ ಮಶಿನ್ ಮನೆಗೆ ಬರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಇಷ್ಟಕ್ಕೆ ಬದಲಾಗಿ ತಾನು ಉಪ್ಪಿನ ವಿಷಯದಲ್ಲಿ ಸಣ್ಣಬುದ್ಧಿಯವನೆನಿಸಿಕೊಂಡರಾಯಿತು. ಅವನು ಎದ್ದು ಮಡಿವಾಳೆಪ್ಪನವರ ಕಾಲು ಮುಟ್ಟಿ, “ನೀವು ಹೇಳಿದಂಗ ರಿ ಮಾವಾರ. ಇನ್ನ ಮ್ಯಾಲ ಉಪ್ಪ ಇಲ್ಲದ ಸಾರು ಕೊಟ್ರೂ ಉಣತೇನಿ,” ಎಂದ. ಅಳಿಯ ಇಷ್ಟು ಬೇಗ ಬಗ್ಗಿದ್ದನ್ನು ಕಂಡು ಹಿರಿಯರಿಗೇ ತುಸು ನಿರಾಸೆಯಾಯಿತು.

ಮಧ್ಯಾಹ್ನ ಮಶಿನ್ ಅಂಗಡಿಯ ಹನುಮಪ್ಪ ಹೊಸ ಮಶಿನ್ ತಂದ. ಗುಲಾಬಿ ಬಣ್ಣ, ಮೋಟರ್, ಒಂದು ಸಣ್ಣ ದೀಪ. ಹನುಮಪ್ಪ ರಿಪೇರಿಯನ್ನೂ ಮಾಡುತ್ತಿದ್ದ, ಮಾರಾಟವನ್ನೂ ಮಾಡುತ್ತಿದ್ದ. ಯಾವುದನ್ನು ಹೊಗಳಬೇಕೆಂಬುದು ಆ ದಿನದ ಗಿರಾಕಿಯ ಮುಖ ನೋಡಿ ನಿರ್ಧಾರವಾಗುತ್ತಿತ್ತು. “ಹಳೇವು ಇನ್ನ ಮ್ಯೂಸಿಯಮ್ಮಿಗೆ ರಿ,” ಎಂದು ಇಂದು ಸಾರಿದ. ಮೀನಾ ಹೊಸ ಮಶಿನ್‌ಗೆ ವಿಭೂತಿ, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿದಳು.

ಅಷ್ಟೊತ್ತಿಗೆ ಸಾವಿತ್ರೆವ್ವ ಬಂದಳು. ಕಲ್ಮೇಶ ಬೆಳಿಗ್ಗೆಯೇ ಫೋನು ಮಾಡಿದ್ದ. ಉಪ್ಪಿನ ಸುದ್ದಿಯನ್ನು ಯಲ್ಲವ್ವನ ಮೊಬೈಲ್ ದಾರಿಯಲ್ಲೇ ಮುಟ್ಟಿಸಿತ್ತು. ಧಾರವಾಡದಿಂದ ಬಸ್ಸಿನಲ್ಲಿ ಬರುವಷ್ಟೂ ಹೊತ್ತು ಏನು ಯೋಚಿಸಿದ್ದಳೋ, ಕಟ್ಟೆಯ ಜನರನ್ನು ಸರಿಸಿ ಒಳಗೆ ಬಂದು, ಗಂಡನ ಎದುರಿಗೆ ಕುಳಿತಳು. ಯಲ್ಲವ್ವ ಅಳಲು ಸೆರಗು ಸಿದ್ಧಮಾಡಿಕೊಂಡಳು.

“ಉಪ್ಪಿನ ಸಲುವಾಗಿ ರೀ?”

“ಹೂಂ,” ಎಂದ ನಿಜಗುಣಪ್ಪ, ಹಾರ ಹಾಕಿಕೊಂಡ ಮಶಿನ್ ಕಡೆ ನೋಡುತ್ತ.

“ಬಿ.ಪಿ. ಐತಿ, ಉಪ್ಪು ಕಡಿಮಿ ಹಾಕು ಅಂತ ಡಾಕ್ಟರ್ ನಿಮ್ಮ ಮುಂದ ಹೇಳಿದ್ದರಲ್ರಿ.”

“ಮರತಿದ್ದೆ.”

“ಇಷ್ಟಕ್ಕ ಬಿಟ್ಟಬಿಡತಿದ್ರೇನು ನನ್ನ?”

“ಬಿಡತಿದ್ದಿಲ್ಲ. ಬಿಟ್ಟಂಗ ಮಾಡತಿದ್ದೆ.”

ಸಾವಿತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಅಳುತ್ತಾಳೆಂದು ತಿಳಿದರು. ಅವಳು ನಗುತ್ತಿದ್ದಳು. “ರಿಟೈರ್ ಆದ ಮ್ಯಾಲೆ ಗಂಡಸರಿಗೆ ಹಿಂಗ ಏನರ ಒಂದು ಹತ್ತತೈತಿ ಕಾಕಾ. ನಮ್ಮ ಎದರಿನ ಮನಿಯವ್ರು ನಾಯಿಗೆ ಇಂಗ್ಲಿಷ್ ಕಲಸಾಕತ್ಯಾರ. ಇವ್ರಿಗೆ ಉಪ್ಪು. ಹೋಗ್ಲಿ ಬಿಡ್ರಿ, ನಡೀರಿ ಮನಿಗೆ.”

ಕಟ್ಟೆಯ ಮೇಲೆ ನಿಟ್ಟುಸಿರು. ಇಂಥ ಹೆಂಡತಿ ಪುಣ್ಯಕ್ಕೆ ಸಿಗಬೇಕು ಎಂದು ಕೆಲವರು ಅಂದರು. ಮಡಿವಾಳೆಪ್ಪನವರು ಇನ್ನೊಂದು ಸಂಸಾರ ಜೋಡಿಸಿದ ತೃಪ್ತಿಯಲ್ಲಿ ಎಲೆಅಡಿಕೆ ಬಾಯಿಗಿಟ್ಟರು. ನಿಜಗುಣಪ್ಪ ಚಪ್ಪಲಿ ಹುಡುಕತೊಡಗಿದ.

“ಅಕ್ಕಾ, ಇದು ನಿನಗ,” ಎಂದು ಕಲ್ಮೇಶ ಹೊಸ ಮಶಿನ್ ತೋರಿಸಿದ. “ಹಳೇದು ಇನ್ನ ಇಲ್ಲೇ ಇರಲಿ.”

ಸಾವಿತ್ರೆವ್ವ ಹೊಸದನ್ನು ನೋಡಿದಳು, ಚಂದ ಐತಿ ಎಂದಳು. ಆಮೇಲೆ, ಊರಿಗೆ ಹೊರಟವರು ಹಿರಿಯರ ಕೈ ಮುಟ್ಟುವಂತೆ, ಹಳೆಯ ಮಶಿನ್‌ನ ಗಾಲಿಯನ್ನು ಸುಮ್ಮನೆ ಒಮ್ಮೆ ತಿರುಗಿಸಿದಳು.

ಗಿರಣಿಯಲ್ಲಿ ಕಲ್ಲು ಬಿತ್ತು.

ಸಾವಿತ್ರೆವ್ವನ ಕೈ ಗಾಲಿಯ ಮೇಲೇ ನಿಂತಿತು. “ಇದಕ್ಕ ಏನಾತು?”

“ಇಲಿ ಹೊಕ್ಕಿರತೈತ್ರಿ,” ಎಂದ ಹನುಮಪ್ಪ, ಮಾರಾಟ ಕೈತಪ್ಪದಿರಲೆಂದು. “ಹಳೇ ಮಶಿನ್‌ದಾಗ ಇಲಿ ಭಾಳ.”

“ಹೌದು, ಇಲಿ!” ಎಂದು ನಿಜಗುಣಪ್ಪ ಆ ಇಲಿಯ ಬಾಲವನ್ನು ಎರಡೂ ಕೈಯಿಂದ ಹಿಡಿದ. “ನಾನೂ ಸಪ್ಪಳ ಕೇಳಿ ಅದನ್ನ ಅಂದ್ಕೊಂಡೆ. ದೊಡ್ಡ ಇಲಿ. ಎರಡು ದಿನ ಆತು.”

ಸಾವಿತ್ರೆವ್ವ ಮಶಿನ್‌ನ ತಲೆಯನ್ನು ಹಿಂದಕ್ಕೆ ಮಗುಚಿ ಹೊಟ್ಟೆಯೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಬೆರಳಿನಿಂದ ಒಳಗಿನ ಕೆಂಪು ಟೇಪಿನ ತುದಿಯನ್ನು ಎಬ್ಬಿಸಿದಳು.

“ಇಲಿ ಟೇಪ್ ಸುತ್ತೈತೇನ್ರಿ?”

ಅವಳ ಬೆರಳು ಅಲ್ಲಿಂದ ಒಂದು ಸ್ಕ್ರೂವಿನ ಮೇಲೆ ಸರಿಯಿತು.

“ಇಲಿ ಸ್ಕ್ರೂ ಬಿಚ್ಚಿ, ತಿರುಗಾಮುರುಗಾ ಹಾಕಿ, ಹಾಕಾಕ ಬಾರದ್ದನ್ನ ಬಿಟ್ಟು ಹೋಗೇತೇನ್ರಿ?”

ನಿಜಗುಣಪ್ಪ ಮಡಿವಾಳೆಪ್ಪನವರನ್ನು ನೋಡಿದ. ಅವರು ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ಕಲ್ಮೇಶನನ್ನು ನೋಡಬಾರದೆಂದುಕೊಂಡು ಅವನನ್ನೇ ನೋಡಿದ. ಕೊನೆಗೆ ನೆಲ ನೋಡಿ, ಹೇಳಿದ. “ನಾನ ಬಿಚ್ಚಿದೆ. ಜೋಡಸಾಕ ಬರಲಿಲ್ಲ. ನಿನಗ ಗೊತ್ತಾಗಬಾರದಂತ ಇಲ್ಲಿಗೆ ರಿಪೇರಿಗೆ ತಂದೆ. ಬಿಡೂದೂ ಇಲ್ಲ, ಉಪ್ಪೂ ಇಲ್ಲ. ಸಾರು ಛಲೋನ ಇರತೈತಿ.”

ಕಲ್ಮೇಶ ಮೇಲಿನ ಜಂತಿ ನೋಡತೊಡಗಿದ. ಅವನ ಹೆಗಲುಗಳು ಸಣ್ಣಗೆ ಕುಣಿಯುತ್ತಿದ್ದವು. “ಅಲ್ರಿ ಮಾಮಾರ,” ಎಂದ, ತಡೆಯಲಾರದೆ, “ಗಂಡಸಾಗಿ ಒಂದು ನಟ್ಟು...”

“ಕಲ್ಮೇಶಾ, ಸುಮ್ಮನಿರು,” ಎಂದಳು ಸಾವಿತ್ರೆವ್ವ. ಆಮೇಲೆ ಗಂಡನಿಗೆ, ದನಿ ಏರಿಸದೆ, “ನನ್ನ ಬಿಡತೇನಿ ಅಂತ ಬಂದಿದ್ರ ಒಂದು ಮಾತು ಇತ್ತು. ಸಿಟ್ಟು ಬಂದಿತ್ತು, ಇಳೀತು ಅಂತ ತಿಳಕೋತಿದ್ದೆ. ನಾ ಕೈ ಹಚ್ಚಬ್ಯಾಡ್ರಿ ಅಂತ ಹೇಳಿ ಹೋದ ಮಶಿನ್‌ಗೆ ಸ್ಕ್ರೂಡ್ರೈವರ್ ಹಾಕಿದ್ರಿ! ನಿಮ್ಮ ಖಾಕಿ ಪ್ಯಾಂಟಿನ ಕಿಸೆ ಚಿಲ್ಲರ ಭಾರಕ್ಕ ಹರದಾಗೊಮ್ಮೆ ಇದರ ಮ್ಯಾಲ ಹೊಲದೇನಿ. ಒಂದು ದಿನ ಇದು ಬ್ಯಾಡ ಅಂದಿಲ್ಲ. ಇದರ ಹೊಟ್ಟಿ ಬಗದು ಟೇಪ್ ಸುತ್ತಿದ್ರಿ!”

ಕಟ್ಟೆಯ ಹೆಂಗಸರಲ್ಲಿ ದೊಡ್ಡ ಗದ್ದಲವೆದ್ದಿತು. ಬಿಡಲು ಬಂದದ್ದನ್ನು ಕ್ಷಮಿಸಬಹುದೆಂದು ಈಗಷ್ಟೇ ಒಪ್ಪಿಕೊಂಡವರು, ಇದನ್ನು ಹೇಗೆ ಕ್ಷಮಿಸುವುದು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. “ಹೇಳದ ಕೇಳದ ಬಿಚ್ಚೂದಂದ್ರ!” ಎಂದಳು ಮೀನಾ. ನಿಜಗುಣಪ್ಪನ ಮುಂದಿದ್ದ ಶಿರಾದ ತಾಟನ್ನು ಯಲ್ಲವ್ವ ಎತ್ತಿಕೊಂಡು ಒಳಗೆ ಹೋದಳು.

ಎಲ್ಲರೂ ಮಡಿವಾಳೆಪ್ಪನವರ ಕಡೆ ತಿರುಗಿದರು. ಅವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. “ಇದು ಬ್ಯಾರೇನ ಕೇಸ್ ಆತವಾ. ಇದರಾಗ ನಾ ಬರಂಗಿಲ್ಲ.”

“ನೀವು ಬರೂದು ಬ್ಯಾಡ ಕಾಕಾ. ಹನುಮಪ್ಪಣ್ಣ, ಇದು ರಿಪೇರಿ ಆಗತೈತೇನು?”

ಹನುಮಪ್ಪ ಅವಳ ಮುಖ ನೋಡಿದ. ಇದು ಹೊಸದನ್ನು ಹೊಗಳುವ ಹೊತ್ತಲ್ಲ ಎಂಬುದು ತಿಳಿಯಿತು. “ಯಾಕಾಗಂಗಿಲ್ಲ ಅಕ್ಕಾರ? ಹಳೇ ಮಶಿನ್ ಅಂದ್ರ ಬಂಗಾರ. ಆದ್ರ ಇದರ ಸಾಮಾನ ಈಗ ಸಿಗಂಗಿಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆ ಹುಡಕಬೇಕು. ಯಾವಾಗ ಸಿಗತೈತೋ ಹೇಳಾಕ ಬರಂಗಿಲ್ಲ.”

“ಹುಡಕ್ರಿ. ಇದು ಹೊಲಿಯೂ ತನಕ ನಾ ಇಲ್ಲೇ ಇರತೇನಿ.”

“ತವರಿಗೆ ತಿರುಗಿ ಬಂದದ್ದು ಮತ್ತ ಹೊಸ್ತಲಾ...” ಎಂದು ಮಡಿವಾಳೆಪ್ಪನವರು ಮೆಲ್ಲಗೆ ಆರಂಭಿಸಿದರು.

“ರಿಪೇರಿಗೆ ಬಂದದ್ದು ತಿರುಗಿ ಬಂದಂಗ ಅಲ್ಲ ಕಾಕಾ,” ಎಂದಳು ಸಾವಿತ್ರೆವ್ವ. ಆ ಪದ್ಧತಿ ಅಲ್ಲಿಗೆ ಬದಲಾಯಿತು. ಅವಳು ಮೀನಾಳಿಂದ ಹಳೆಯ ಅರಿವೆಯನ್ನೂ ಎಣ್ಣೆಯನ್ನೂ ತರಿಸಿಕೊಂಡು ಮಶಿನ್ ಮುಂದೆ ಕಾಲು ಚಾಚಿ ಕುಳಿತು, ಟೇಪು ಬಿಚ್ಚತೊಡಗಿದಳು.

ಹೀಗೆ ಬೆಳಿಗ್ಗೆ ಇಡೀ ಬಸ್ಸು ಸುಳ್ಳೇ ನಂಬಿದ್ದು, ಸಂಜೆಯ ಹೊತ್ತಿಗೆ, ಸತ್ಯ ಹೇಳಿದ ಒಂದೇ ಕಾರಣಕ್ಕೆ, ನಿಜವಾಯಿತು. ಮಶಿನ್ ತವರಿನಲ್ಲಿತ್ತು. ಅದರ ಜೊತೆಗೆ ಹೆಂಡತಿಯೂ.

ಬೈಲಹೊಂಗಲದ ಬಸ್ಸಿನ ಹೊತ್ತಾಯಿತು. ಕಟ್ಟೆಯ ಜನ ಒಬ್ಬರೂ ಕದಲಲಿಲ್ಲ. ನಿಜಗುಣಪ್ಪ ಚಪ್ಪಲಿ ಹಾಕಿಕೊಂಡ. ಬಿಚ್ಚಿದ. ಬಾಗಿಲ ತನಕ ಹೋಗಿ ತಿರುಗಿ ಬಂದ. ಆಮೇಲೆ ಯಾರ ಸಹಾಯವನ್ನೂ ಕೇಳದೆ, ಹಾರ ಕುಂಕುಮ ಸಮೇತ, ಗುಲಾಬಿ ಬಣ್ಣದ ಹೊಸ ಮಶಿನ್ ಅನ್ನು ಎದೆಗೆ ಅವಚಿ ಎತ್ತಿಕೊಂಡು, ಸಾವಿತ್ರೆವ್ವನ ಮುಂದೆ ಬಂದು ನಿಂತ. ಅದರ ಹೂವುಗಳು ಅವನ ಮೂಗಿಗೆ ಬರುತ್ತಿದ್ದವು.

“ಸಾವಿತ್ರೀ,” ಎಂದ, ಹೂವಿನ ಹಿಂದಿನಿಂದ. “ತಪ್ಪಾತು. ಹಳೇದು ರಿಪೇರಿ ಆಗಲಿ, ಅದನ್ನ ನಾನ ಬಂದು ಹೊತ್ಕೊಂಡು ಒಯ್ಯತೇನಿ. ಅಲ್ಲೀತನ ಇದನ್ನ ತಗೋ. ಮೋಟರ್ ಐತಿ, ನಿನ್ನ ಮೊಳಕಾಲು ನೋಯಂಗಿಲ್ಲ. ದೀಪಾನೂ ಐತಿ. ಇದರ ಸನೇಕ ನಾ ಹಾಯಂಗಿಲ್ಲ, ಗುಡ್ಡದ ಎಲ್ಲಮ್ಮನ ಆಣಿ. ಎಲ್ಲಾರೂ ಕೇಳಾಕತ್ಯಾರ ನೋಡು. ತಗೋ, ಈಗಿನ ಬಸ್ಸಿಗೆ ಇಬ್ಬರೂ ಮನಿಗೆ ಹೋಗೂಣು.”

ಕಲ್ಮೇಶ ಅಕ್ಕನನ್ನು ನೋಡಿದ. ಮೀನಾ ನೋಡಿದಳು. ಯಲ್ಲವ್ವ ಕನ್ನಡಕ ಏರಿಸಿದಳು. ನಿಜಗುಣಪ್ಪ ಜಾರುತ್ತಿದ್ದ ಮಶಿನ್ ಅನ್ನು ಎದೆಯ ಮೇಲಕ್ಕೆ ಇನ್ನೊಮ್ಮೆ ಏರಿಸಿಕೊಂಡ.

ಸಾವಿತ್ರೆವ್ವ ಅರಿವೆಯನ್ನು ಎಣ್ಣೆಯಲ್ಲಿ ಅದ್ದಿದಳು. ತಲೆ ಎತ್ತಲಿಲ್ಲ.

“ಒಲ್ಲೆ,” ಎಂದಳು.